ತೂಕವಿಲ್ಲದ ಕಡೆ ಹೋಗಬೇಕೆಂದಿದ್ದ ಅಕ್ಕೋರು

ಕಳೆದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ನಮ್ಮ ಕಾಲೇಜಿನ ಗುಮಾಸ್ತರೊಬ್ಬರನ್ನು ಅಲ್ಲಿ ಸೇರಿಸಿದ್ದರು. ನೋಡಲು ಒಳಗೆ ಬಿಡುವ ಹೊತ್ತು ಇನ್ನೂ ಆಗಿರಲಿಲ್ಲ. ಪಕ್ಕದಲ್ಲಿದ್ದ ತರುಣನೊಬ್ಬ ಗಡಿಯಾರ ನೋಡಿಕೊಂಡು ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಅದರ ಬೆಳ್ಳಿಹಾಳೆ ಸಿಗಿದ. ತಟ್ಟನೆ ಒಂದು ವಾಸನೆ ಎದ್ದಿತು. ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿ, ಅದರಲ್ಲಿ ಕಾಡುಬೆಕ್ಕೊಂದನ್ನು ಅದ್ದಿ ತೆಗೆದಂಥ ವಾಸನೆ. ಸುತ್ತಲಿದ್ದವರು ಮುಖ ಸಿಂಡರಿಸಿದರು. ತರುಣ ನಾಚಿಕೊಂಡು, "ಸಾರಿ ಮೇಡಂ, ಈ ಗುಳಿಗೆ ವಾಸನೇನೇ ಹಿಂಗ" ಎಂದ.

"ಗೊತ್ತು" ಎಂದೆ. "ಕಿಡ್ನಿಯೇ?"

ಅವನಿಗೆ ಆಶ್ಚರ್ಯವಾಯಿತು. "ಹೌದ್ರಿ. ನಮ್ಮವ್ವ ಕೊಟ್ಟದ್ದು" ಎಂದು ಪಕ್ಕೆಯನ್ನು ಮುಟ್ಟಿ ತೋರಿಸಿದ.

ಆ ಮೇಲೆ ಗುಮಾಸ್ತರ ಹತ್ತಿರ ಏನು ಮಾತಾಡಿದೆನೋ ನೆನಪಿಲ್ಲ. ಕಣ್ಣೆದುರಿಗಿದ್ದದ್ದು ಅಂಕೋಲೆಯ ಒಂದು ಹಳೆಯ ಜಗಲಿ, ಬೆಳಗಿನ ಬಿಸಿಲು, ಗಾಜಿನ ಲೋಟದಲ್ಲಿ ಹಾಲು ಕದಡುತ್ತ ಕುಳಿತ ನಮ್ಮ ಅಕ್ಕೋರು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನನಗೆ ಕಲಿಸಿದ ಅಕ್ಕೋರು ಹಲವರಿದ್ದರು. ಆದರೆ ಬರಿದೇ ಅಕ್ಕೋರು ಎಂದರೆ ನನ್ನ ಪಾಲಿಗೆ ಇವರೊಬ್ಬರೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಮನೆಗೆ ತಾಗಿಕೊಂಡಿದ್ದ ಎರಡು ಕೋಣೆಯ ಮನೆಯಲ್ಲಿ ಬಾಡಿಗೆಗಿದ್ದರು. ನನ್ನ ಅಪ್ಪ ಆಯಿ ಗದ್ದೆಯ ಕೂಲಿಗೆ ಹೋಗುವವರು. ನಾನು ಶಾಲೆಯಿಂದ ಬಂದು ಅಕ್ಕೋರ ಜಗಲಿಯ ಮೇಲೇ ಓದಿ, ಬರೆದು, ಆಯಿ ಬರುವ ಹೊತ್ತಿಗೆ ಎದ್ದು ಹೋಗುತ್ತಿದ್ದೆ.

ಅವರ ಊರು ಚಿತ್ತಾಕುಲ. ಕಾಳಿ ನದಿ ಸಮುದ್ರ ಸೇರುವಲ್ಲಿ ಮನೆ. ತಂದೆ ನದಿಯಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು. ಮುಂದೆ ನದಿಗೆ ಸೇತುವೆಯಾಯಿತು, ತಂದೆಯೂ ತೀರಿಕೊಂಡರು. ಒಬ್ಬನೇ ತಮ್ಮ, ದೋಣಿಯನ್ನು ಮನೆಯ ಹಿಂದೆ ಕವುಚಿ ಹಾಕಿ ಗದ್ದೆ ಕೆಲಸಕ್ಕೂ ಮರಳು ತುಂಬುವುದಕ್ಕೂ ಹೋಗುತ್ತಿದ್ದ. ತಾನು ಓದುವುದನ್ನು ಅರ್ಧಕ್ಕೆ ಬಿಟ್ಟು ಅಕ್ಕನನ್ನು ಓದಿಸಿದ್ದ. ನಾನು ಅವನನ್ನು ದಾದಾ ಎನ್ನುತ್ತಿದ್ದೆ. ತಿಂಗಳಿಗೊಮ್ಮೆ ತೆಂಗಿನಕಾಯಿ, ಒಣಮೀನು ಹೊತ್ತುಕೊಂಡು ಅಕ್ಕನನ್ನು ನೋಡಲು ಬರುತ್ತಿದ್ದ. ಅಕ್ಕ ತಮ್ಮ ಕೊಂಕಣಿಯಲ್ಲಿ ಮಾತಿಗೆ ಕುಳಿತರೆ ಜಗಲಿಯ ಮೇಲೆ ನಗುವೇ ನಗು.

ನಮ್ಮ ದೇಶದವನೊಬ್ಬ ಮೊದಲ ಸಲ ಅಂತರಿಕ್ಷಕ್ಕೆ ಹೋಗಿಬಂದ ವರ್ಷ ಅಕ್ಕೋರು ನಮಗೆ ಒಂದು ಆಟ ತೋರಿಸಿದ್ದರು. ಹಾಲಿನ ಪುಡಿಯ ಡಬ್ಬಿಯ ತಳದ ಹತ್ತಿರ ಮೊಳೆಯಿಂದ ತೂತು ಮಾಡಿ ನೀರು ತುಂಬಿದರು. ತೂತಿನಿಂದ ನೀರು ಚಿಮ್ಮಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಶಾಲೆಯ ಮಹಡಿ ಹತ್ತಿ ಅಲ್ಲಿಂದ ಡಬ್ಬಿಯನ್ನು ಕೈಬಿಟ್ಟರು. ಬೀಳುತ್ತಿರುವಷ್ಟು ಹೊತ್ತು ತೂತಿನಿಂದ ಒಂದು ಹನಿಯೂ ಹೊರಬರಲಿಲ್ಲ! ನಾವು ನಂಬದೆ ಮತ್ತೆ ಮತ್ತೆ ಬೀಳಿಸಿದೆವು, ಡಬ್ಬಿ ನಗ್ಗಿ ಚಪ್ಪಟೆಯಾಗುವ ತನಕ. "ಬೀಳೂವಾಗ ನೀರಿಗೆ ತೂಕ ತಿಳೀದಿಲ್ಲ. ಅಂತರಿಕ್ಷದಲ್ಲಿದ್ದವ್ರೂ ಹೀಗೇ, ಭೂಮಿ ಸುತ್ತ ಬೀಳ್ತಾನೇ ಇರ್ತಾರೆ" ಎಂದರು. ಆ ತೂಕವಿಲ್ಲದ ಸ್ಥಿತಿ ಹೇಗಿರುತ್ತದೆ ಎಂದು ಕೇಳಿದ್ದಕ್ಕೆ, ಚಿಕ್ಕಂದಿನಲ್ಲಿ ಕಾಳಿಯಲ್ಲಿ ಉಬ್ಬರದ ನೀರಿನ ಮೇಲೆ ಅಂಗಾತ ಮಲಗುತ್ತಿದ್ದದ್ದನ್ನು ಹೇಳಿದರು. ಕಿವಿ ನೀರೊಳಗೆ, ಕಣ್ಣು ಆಕಾಶದಲ್ಲಿ, ಮೈ ಎಲ್ಲಿದೆಯೆಂದೇ ಗೊತ್ತಾಗುತ್ತಿರಲಿಲ್ಲವಂತೆ. ಹೇಳುವಾಗ ಅವರ ಮುಖ ಹುಡುಗಿಯ ಮುಖವಾಗಿತ್ತು.

ಮುಂದಿನ ವರ್ಷ ಅವರ ಕಾಲು ಬಾತುಕೊಳ್ಳತೊಡಗಿತು. ನಿಂತು ಪಾಠ ಮಾಡಲಾಗದೆ ಕುರ್ಚಿ ಹಾಕಿಸಿಕೊಂಡರು. ಊಟ ಸೇರುತ್ತಿರಲಿಲ್ಲ. ಕಾರವಾರದಲ್ಲಿ ತೋರಿಸಿದರು, ಗೋವೆಯಲ್ಲಿ ತೋರಿಸಿದರು. ಎರಡೂ ಮೂತ್ರಪಿಂಡ ಸೋತುಹೋಗಿವೆ ಎಂದು ಗೊತ್ತಾಯಿತು. ಮುಂಬಯಿಯಲ್ಲಿ ಅವರ ಚಿಕ್ಕಪ್ಪನ ಮನೆಯಿತ್ತು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ, ಮನೆಯವರು ಯಾರಾದರೂ ಕೊಟ್ಟರೆ ಒಂದನ್ನು ಜೋಡಿಸಬಹುದು ಎಂದರಂತೆ. ಅಕ್ಕೋರು ಬೇಡವೆಂದರು. ತಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹೊಟ್ಟೆ ಸೀಳಿಸಿಕೊಂಡವನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂಬ ಚಿಂತೆ ಅವರಿಗೆ. ದಾದಾ ಏನೂ ವಾದಿಸಲಿಲ್ಲ. ನಮ್ಮ ಆಯಿಯ ಹತ್ತಿರ ಬಂದು, "ನೀವಾದ್ರೂ ಹೇಳಿ. ನಾ ಹೇಳಿದ್ರೆ ಬೈತಾಳೆ" ಎಂದ. ಆಯಿ ಹೋಗಿ ಅಕ್ಕೋರ ಮುಂದೆ ಕುಳಿತು ಸುಮ್ಮನೆ ಅತ್ತಳು. ಕೊನೆಗೆ ಅಕ್ಕೋರೇ ಅವಳನ್ನು ಸಮಾಧಾನ ಮಾಡಿ, ಒಪ್ಪಿಕೊಂಡರು.

ತಿಂಗಳುಗಟ್ಟಲೆ ಆ ಜಗಲಿ ಖಾಲಿಯಿತ್ತು. ಮರಳಿ ಬಂದಾಗ ಬಸ್ಸಿಳಿದವರು ಯಾರೆಂದು ನನಗೆ ಗುರುತು ಹತ್ತಲಿಲ್ಲ. ಕೋಲುಮುಖದ ಅಕ್ಕೋರ ಮುಖ ದುಂಡಗಾಗಿತ್ತು. ಕೆನ್ನೆಯ ಮೇಲೆ ಸಣ್ಣ ಕೂದಲು. ಮೂಗು ಬಾಯಿಗೆ ಬಿಳಿ ಬಟ್ಟೆ. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗಿ ಅಕ್ಷರಗಳು ಅಲುಗಿದಂತೆ ಕಾಣುತ್ತಿದ್ದವು. ಹಿಂದಿನ ಬೆಂಚಿನ ಹುಡುಗರು ಮೀಸೆ ಅಕ್ಕೋರು ಎಂದು ಕರೆಯತೊಡಗಿದರು. ಅದು ಅವರ ಕಿವಿಗೂ ಬಿದ್ದಿತು.

ಅವರು ಬೈಯಲಿಲ್ಲ. ಮರುದಿನ ತರಗತಿಗೆ ಸೂಕ್ಷ್ಮದರ್ಶಕವನ್ನು ಹೊರಿಸಿಕೊಂಡು ಬಂದರು. ಹಿಂದೆ ದಾದಾ; ಅಕ್ಕನನ್ನು ನೋಡಲು ಬಂದವನನ್ನು ಕರೆತಂದಿದ್ದರು. ಅವನ ಬೆರಳಿನಿಂದ ಒಂದು ಹನಿ ರಕ್ತ, ತಮ್ಮ ಬೆರಳಿನಿಂದ ಒಂದು ಹನಿ. ಎರಡನ್ನೂ ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ನಮ್ಮನ್ನು ಸಾಲಾಗಿ ಕರೆದು ತೋರಿಸಿದರು. ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆಯ ಬಿಳಿಕಣಗಳು.

"ಯಾವ್ದು ನಂದು, ಯಾವ್ದು ಇವಂದು, ಹೇಳಿ ನೋಡ್ವಾ" ಎಂದರು.

ಯಾರಿಗೂ ಹೇಳಲಾಗಲಿಲ್ಲ.

"ನಂಗೂ ಗೊತ್ತಾಗೂದಿಲ್ಲ. ಆದ್ರೆ ಈ ಬಿಳಿಕಣಕ್ಕೆ ಗೊತ್ತಾಗ್ತದೆ, ಅದು ಮೈಯ ಕಾವಲಿನವ. ಮೈಯೊಳಗೆ ಬಂದದ್ದು ತನ್ನದೋ ಬೇರೆಯವ್ರದೋ ಅಂತ ಮುಟ್ಟಿ ನೋಡ್ತದೆ. ಬೇರೆಯವ್ರದು ಅಂತಾದ್ರೆ ಒಂದು ನೂರಾಗಿ ಅದ್ರ ಮೇಲೆ ಬೀಳ್ತದೆ. ಈಗ ನನ್ನ ಹೊಟ್ಟೇಲಿ ಇವಂದು ಅದೆಯಲ್ಲ, ಅದ್ರ ಮೇಲೆ ಬೀಳಬಾರ್ದು ಅಂತ ಅದನ್ನ ಮಲಗಿಸೂಕೆ ಔಷಧಿ ತಕ್ಕೊಳ್ತೇನೆ. ಅದೇ ಔಷಧಿಗೆ ಮೀಸೆ ಬರೂದು. ಕಾವಲಿನವ ಮಲಗಿದ್ರೆ ನಿಮ್ಮ ಶೀತ, ಕೆಮ್ಮು ನಂಗೆ ಬೇಗ ತಾಗ್ತದೆ, ಅದ್ಕೆ ಈ ಬಟ್ಟೆ. ಆಯ್ತೋ?"

ಹಿಂದಿನ ಬೆಂಚು ತಲೆತಗ್ಗಿಸಿ ಕುಳಿತಿತ್ತು. ದಾದಾ ಕಿಟಕಿಯ ಹೊರಗೆ ನೋಡುತ್ತಿದ್ದ. ಅಂದಿನಿಂದ ಆ ಅಡ್ಡಹೆಸರು ಮತ್ತೆ ಕೇಳಲಿಲ್ಲ. ನೆಗಡಿಯಾದ ಹುಡುಗರು ತಾವಾಗಿಯೇ ಬಾಗಿಲ ಬಳಿಯ ಬೆಂಚಿಗೆ ಹೋಗಿ ಕೂರತೊಡಗಿದರು.

ಆ ಔಷಧಿ ಎಣ್ಣೆಯಂಥದ್ದು. ಕೊಳವೆಯಲ್ಲಿ ಅಳೆದು, ಹಾಲಿಗೆ ಹಾಕಿ, ಗಾಜಿನ ಲೋಟದಲ್ಲೇ ಕುಡಿಯಬೇಕು. ಬೆಳಿಗ್ಗೆ ನಾನು ಹೊಸಿಲು ದಾಟುವ ಮೊದಲೇ ಅದರ ವಾಸನೆ ಬರುತ್ತಿತ್ತು. ಅವರು ಮೂಗು ಹಿಡಿದು ಒಂದೇ ಗುಟುಕಿಗೆ ಕುಡಿದು, ನನ್ನ ಮುಖ ನೋಡಿ ನಗುತ್ತಿದ್ದರು. ಕುದಿಸಿ ಆರಿಸಿದ ನೀರು ಬಿಟ್ಟರೆ ಬೇರೆ ನೀರಿಲ್ಲ. ಹಸಿ ತರಕಾರಿ ಇಲ್ಲ. ಮದುವೆ ಮುಂಜಿ ಇಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು, ನದಿಗೂ ಸಮುದ್ರಕ್ಕೂ ಇಳಿಯಬಾರದು ಎಂದದ್ದು. ಸಂಜೆ ಒಮ್ಮೊಮ್ಮೆ ನನ್ನನ್ನು ಕರೆದುಕೊಂಡು ಕಡಲತೀರಕ್ಕೆ ಹೋಗುತ್ತಿದ್ದರು. ಚಪ್ಪಲಿ ಬಿಚ್ಚದೆ, ಒದ್ದೆ ಮರಳು ಶುರುವಾಗುವಲ್ಲಿ ನಿಂತುಬಿಡುತ್ತಿದ್ದರು...

ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ ಅವರು ಕಾರವಾರದಿಂದ ಒಂದು ಇಂಗ್ಲಿಷ್ ವಿಜ್ಞಾನ ಪತ್ರಿಕೆ ತಂದರು. ದಾದಾನೂ ಇದ್ದ. ಜಗಲಿಯ ಮೇಲೆ ಕುಳಿತು ನಮಗಾಗಿ ಕನ್ನಡದಲ್ಲಿ ಹೇಳುತ್ತ ಹೋದರು. ಮನುಷ್ಯರ ರಕ್ತದ ಬಿಳಿಕಣಗಳನ್ನು ಅಂತರಿಕ್ಷಕ್ಕೆ ಕೊಂಡೊಯ್ದಿದ್ದರಂತೆ. ಭೂಮಿಯ ಮೇಲೆ ಯಾವುದನ್ನು ಕೊಟ್ಟರೆ ಆ ಕಣಗಳು ಎಚ್ಚೆತ್ತು ಒಂದಕ್ಕೆ ನೂರಾಗುತ್ತವೆಯೋ ಅದನ್ನೇ ಅಲ್ಲಿಯೂ ಕೊಟ್ಟರಂತೆ. ಅಲ್ಲಿ ಅವು ಹೆಚ್ಚುಕಡಿಮೆ ಏಳಲೇ ಇಲ್ಲವಂತೆ. ಸತ್ತಿರಲಿಲ್ಲ, ಜೀವವಿತ್ತು. ಸುಮ್ಮನೆ ತೇಲುತ್ತಿದ್ದವು.

"ಎಂತಕೆ ಏಳಲಿಲ್ಲ?" ದಾದಾ ಕೇಳಿದ.

"ಇನ್ನೂ ಸರೀ ಗೊತ್ತಿಲ್ಲ. ಕಣಕ್ಕೂ ಒಳಗೆ, ಹೆಂಚು ಹೊತ್ತ ನಮ್ಮ ಮಾಡಿನ ಪಕಾಸಿಯ ಹಾಗೆ, ಒಂದು ಹಂದರ ಅದೆ. ತೂಕ ಇಲ್ದೇ ಇದ್ರೆ ಅದು ಹದ ತಪ್ತದೋ ಏನೋ. ಹಿಡಿಯೂಕೆ ಹಿಡಿತ ಸಿಗೂದಿಲ್ಲ, ಹೊರಗಿನ ಸುದ್ದಿ ಒಳಗೆ ಮುಟ್ಟೂದಿಲ್ಲ."

"ಹಾಗಾದ್ರೆ ನಿನ್ನ ಅಲ್ಲಿ ಕಳಿಸಿದ್ರೆ ಈ ಔಷಧಿ ಬ್ಯಾಡ ಅಲ್ದೇ?"

ಅಕ್ಕೋರು ಎಷ್ಟೋ ದಿನಗಳ ಮೇಲೆ ಬಾಯ್ತುಂಬ ನಕ್ಕರು. "ಅದೇ ನಾನೂ ಲೆಕ್ಕ ಹಾಕ್ತಿದ್ದೆ ಮಾರಾಯಾ! ವಾಸನೆ ಎಣ್ಣೆ ಬ್ಯಾಡ, ಮೀಸೆ ಬ್ಯಾಡ. ನಿನ್ನ ಕಿಡ್ನಿ ಆರಾಮ, ನಾನೂ ಆರಾಮ. ದಿನಾ ತೇಲೂದು."

ಆ ಮೇಲೆ ತಾವೇ ಗಂಭೀರವಾಗಿ, ಕಾಯಿಲೆ ಬಂದರೂ ಆ ಕಣಗಳು ಅಲ್ಲಿ ಏಳದಿದ್ದರೆ ಅಂತರಿಕ್ಷದವರ ಗತಿ ಏನು ಎಂದು ಕೇಳಿದರು. ಕಾವಲು ಎದ್ದರೆ ಒಂದು ಕಷ್ಟ, ಮಲಗಿದರೆ ಇನ್ನೊಂದು ಕಷ್ಟ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ತೂಕವಿಲ್ಲದ ಕಡೆ ಹೋಗುವ ಮಾತು ನಮ್ಮ ಮೂವರ ನಡುವಿನ ತಮಾಷೆಯಾಗಿ ಉಳಿಯಿತು. ದಾದಾ ಬಸ್ಸು ಹತ್ತುವಾಗ, "ಟಿಕೀಟು ಸಿಕ್ತದೋ ನೋಡ್ತೆ" ಎನ್ನುತ್ತಿದ್ದ.

ಅದರ ಮರುವರ್ಷ ಅವರ ಬೆನ್ನಿನಿಂದ ಪಕ್ಕೆಗೆ ಬಳಸಿ ಬೆಂಕಿಯಂಥ ಗುಳ್ಳೆ ಎದ್ದವು. ಸರ್ಪಸುತ್ತು. ಬಾಲ್ಯದಲ್ಲಿ ಬಂದ ಸಿಡುಬಿನಂಥ ಗುಳ್ಳೆಗಳ ರೋಗ ನರದ ಬುಡದಲ್ಲಿ ಅಡಗಿ ಕುಳಿತಿರುತ್ತದೆ, ಕಾವಲು ಸಡಿಲವಾದಾಗ ಹೊರಬರುತ್ತದೆ ಎಂದು ಅವರು ನೋವಿನಲ್ಲೇ ನನಗೆ ವಿವರಿಸಿದರು. ಆಯಿ ಕೇಳಲಿಲ್ಲ. ಕೆಮ್ಮಣ್ಣು ಕಲಸಿ ಗುಳ್ಳೆಯ ಸುತ್ತ ಗೆರೆ ಬರೆಯುವ ಮುದುಕನನ್ನು ಕರೆತಂದಳು. "ಅಕ್ಕೋರೇ, ನಿಮ್ ಔಷಧಿ ನೀವ್ ತಕ್ಕೊಳ್ಳಿ. ಇದೊಂದ್ ನನ್ ಸಮಾಧಾನಕ್ಕೆ" ಎಂದಳು. ಅಕ್ಕೋರು ಗುಳ್ಳೆಗೆ ಮಣ್ಣು ಸೋಕದಂತೆ ದೂರದಿಂದ ಬರೆಯಲು ಹೇಳಿ, ಬೆನ್ನು ತಿರುಗಿಸಿ ಕುಳಿತರು. ಮುದುಕ ಹೋದ ಮೇಲೆ, "ನಿನ್ನ ಆಯಿಗೆ ಎಷ್ಟು ಸಮಾಧಾನ ಆಯ್ತು ನೋಡು, ಅದ್ರಲ್ಲಿ ಅರ್ಧ ನಂಗೂ ಬಂತು" ಎಂದರು.

ಗುಣವಾಯಿತು. ಅಲ್ಲಿಂದ ಮುಂದೆ ಕೆಲವು ವರ್ಷ ಅವರು ಚೆನ್ನಾಗಿಯೇ ಇದ್ದರು. ದಾದಾನಿಗೆ ಮದುವೆಯೂ ಆಯಿತು. ಮಜಾಳಿಯ ಕಡೆಯ ಹುಡುಗಿ, ಎಲ್ಲ ತಿಳಿದೇ ಒಪ್ಪಿ ಬಂದವಳು. ಅಕ್ಕೋರು ಜನ ಸೇರುವ ಮೊದಲೇ ಮಂಟಪಕ್ಕೆ ಹೋಗಿ, ಅಕ್ಷತೆ ಹಾಕಿ ಹೊರಟುಬಂದರು. ನಾನು ಬಿ.ಎಸ್ಸಿ.ಗೆಂದು ಕಾರವಾರಕ್ಕೆ ಬಂದು ಹಾಸ್ಟೆಲ್ಲಿನಲ್ಲಿ ಉಳಿದೆ. ಶನಿವಾರದ ಬಸ್ಸಿಗೆ ಊರಿಗೆ ಹೋಗುವಾಗ ಅಮದಳ್ಳಿ, ತೋಡೂರಿನಲ್ಲಿ ಹತ್ತುವವರ ಬಾಯಲ್ಲಿ ನೌಕಾನೆಲೆಗೆ ಜಾಗ ಹೋಗುವ ಮಾತೇ ಇರುತ್ತಿತ್ತು. ನನಗೆ ಮಾತ್ರ ಆ ವಾರ ಕಲಿತದ್ದನ್ನು ಅಕ್ಕೋರಿಗೆ ಯಾವಾಗ ಹೇಳುವೆನೋ ಎಂಬ ಆತುರ. ಅವರು ನನ್ನ ಪಾಠಗಳನ್ನು ನನಗಿಂತ ಹೆಚ್ಚು ಆಸೆಯಿಂದ ಕೇಳುತ್ತಿದ್ದರು.

ಅಂಥ ಒಂದು ಶನಿವಾರ ಹೋದಾಗ ಅಕ್ಕೋರ ಪಾದ ಕಂಡಿತು. ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಗುರ್ತು ಹಿಡೀತು, ತಂಗೀ" ಎಂದರು. "ಇಷ್ಟು ವರ್ಷ ಮಲಗಿಸಿ ಇಟ್ಟಿದ್ದೆ. ಆದ್ರೂ ಎದ್ದು ಗುರ್ತು ಹಿಡೀತು."

ಮುಂಬಯಿಯಲ್ಲಿ ಔಷಧಿ ಹೆಚ್ಚಿಸಿ ನೋಡಿದರು. ನಿಲ್ಲಲಿಲ್ಲ. ದಾದಾ ಓಡಿಬಂದ. ಅಂದು ಅವನು ಕೊಂಕಣಿಯಲ್ಲಿ ಆಡಿದ ಮಾತು ನನಗೆ ಪೂರ್ತಿ ಅರ್ಥವಾಗದಿದ್ದರೂ, ತನ್ನ ಇನ್ನೊಂದು ಪಕ್ಕೆಯನ್ನು ಬಡಿದು ತೋರಿಸಿದ್ದು ಅರ್ಥವಾಯಿತು. ಇನ್ನೊಂದಿದೆಯಲ್ಲ, ತೆಗೆದುಕೋ. ಅಕ್ಕೋರು ಅವನ ಕೈ ಹಿಡಿದು ಕೆಳಗಿಳಿಸಿದರು. ಅದಲ್ಲದೆ ಅವನನ್ನು ಚುಚ್ಚುತ್ತಿದ್ದದ್ದು ಬೇರೆಯೇ ಇತ್ತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ: "ಒಂದೇ ಆಯಿಯ ಹೊಟ್ಟೇಲಿ ಹುಟ್ಟಿದವ್ರು ನಾವು. ಇವಳ ಮೈಗೆ ನಾ ಬೇರೆಯವ ಆದ್ನೇ?"

ನನಗೆ ಉತ್ತರ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಅಕ್ಕೋರೇ ಹೇಳಿದರು, "ಆ ಕಣ ನನ್ನ ಕೇಳಿ ಮಾಡೂದಿಲ್ವೋ. ಕೇಳಿದ್ರೆ ನಾ ಬಿಡ್ತಿದ್ನೇ?"

ಯಂತ್ರದಲ್ಲಿ ರಕ್ತ ತೊಳೆಸಿಕೊಳ್ಳಲು ಮುಂಬಯಿಗೇ ಹೋಗಿ ಇರಬೇಕಾಗಿತ್ತು. ಹೊರಡುವ ಮೊದಲು ಚಿತ್ತಾಕುಲಕ್ಕೆ ಬಂದರು. ನನಗೂ ಹೇಳಿಕಳಿಸಿದ್ದರಿಂದ ನಾನು ಸೇತುವೆ ದಾಟಿ ಹೋದೆ. ಬೇಸಿಗೆಯ ಸಂಜೆ. ಉಬ್ಬರ ಏರುತ್ತಿತ್ತು. ಅಕ್ಕೋರು ಮೂಗಿನ ಬಟ್ಟೆ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇನ್ನು ಎಂತ ತಾಗಿದ್ರೂ ಅಷ್ಟೇ" ಎಂದರು. ಸೀರೆಯ ನೆರಿಗೆ ಎತ್ತಿ ಕಟ್ಟಿ ನದಿಗೆ ಇಳಿದರು. ನಾನು ಬೇಡವೆನ್ನಲು ಹೋದೆ. ದಾದಾ ಕಣ್ಣಲ್ಲೇ ತಡೆದ.

ಎದೆಮಟ್ಟದ ನೀರಿನಲ್ಲಿ ಅವನು ಎರಡು ಕೈ ಚಾಚಿದ. ಅವರು ಅದರ ಮೇಲೆ ಅಂಗಾತ ಮಲಗಿದರು. ಬಾತ ಕಾಲುಗಳು ಮೆಲ್ಲಗೆ ಮೇಲೆ ಬಂದವು. ಸೀರೆ ಸುತ್ತಲೂ ಗಾಳಿ ತುಂಬಿ ಉಬ್ಬಿತು. ಸ್ವಲ್ಪ ಹೊತ್ತಿನ ಮೇಲೆ ದಾದಾ ಕೈಗಳನ್ನು ಒಂದಿಷ್ಟು ಕೆಳಗೆ ಇಳಿಸಿದ. ಇಳಿಸಿದ್ದು ಅವರಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದರೋ. ಆಕಾಶ ನೋಡುತ್ತಿದ್ದರು. ದಡದಲ್ಲಿ ನಿಂತ ನನಗೆ ಅವರ ಮಾತು ಕೇಳಿಸಿತು. ಕಿವಿ ನೀರೊಳಗಿದ್ದುದರಿಂದ ಸ್ವಲ್ಪ ಜೋರಾಗಿಯೇ ಹೇಳಿದ್ದರು:

"ಟಿಕೀಟು ಸಿಕ್ತು ಅಲ್ವೋ."

ದಾದಾ ಮುಖ ಆಚೆ ತಿರುಗಿಸಿದ. ಅವನ ಹೆಗಲು ಅಲುಗಿದ್ದು ಕಂಡಿತು. ಕೈ ಮಾತ್ರ ಅಲುಗಲಿಲ್ಲ...

ಮಳೆಗಾಲದ ನಡುವೆ ಮುಂಬಯಿಯಲ್ಲಿ ಅಕ್ಕೋರು ಹೋದರು. ದಾದಾ ಒಬ್ಬನೇ ಬಂದ. ಅಸ್ಥಿಯನ್ನು ಕಾಳಿಯಲ್ಲಿ ಬಿಡುವಾಗ ನಾನಿದ್ದೆ, ಅಂಕೋಲೆಯಿಂದ ಆಯಿಯೂ ಬಂದಿದ್ದಳು. ಬಹಳ ವರ್ಷದಿಂದ ಕವುಚಿ ಹಾಕಿದ್ದ ದೋಣಿಯ ಬಿರುಕುಗಳಿಗೆ ಮೇಣ ತುಂಬಿ ಅವನೇ ಹುಟ್ಟು ಹಾಕಿದ. ಬರುವಾಗ ಆಯಿ, "ಇನ್ನು ನಿಂಗೆ ಓದ್ಸೂರು ಯಾರೇ?" ಎಂದು ಕೇಳಿದಳು. ನಾನು ಸೇತುವೆಯ ಕಂಬಗಳನ್ನು ನೋಡುತ್ತ ಕುಳಿತಿದ್ದೆ.

ಓದಿದೆ. ಈಗ ನಾನೂ ಕಾರವಾರದಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ತೂಕವಿಲ್ಲದ ಕಡೆ ಬಿಳಿಕಣಗಳಿಗೆ ಏನಾಗುತ್ತದೆ ಎಂಬುದು ಈಗ ಎಷ್ಟೋ ಹೆಚ್ಚು ತಿಳಿದಿದೆ. ಆ ಕಣಗಳ ಒಳಗಿನ ಹಂದರ ನಿಜಕ್ಕೂ ಅಲ್ಲಿ ಬದಲಾಗುತ್ತದೆ. ಎಚ್ಚರಿಸುವ ಸುದ್ದಿ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ಅಕ್ಕೋರು ಜಗಲಿಯ ಮೇಲೆ ಊಹಿಸಿದ್ದು ಬಹಳ ದೂರವೇನೂ ಇರಲಿಲ್ಲ. ಅಂತರಿಕ್ಷಕ್ಕೆ ಹೋದವರಲ್ಲಿಯೂ ನರದ ಬುಡದಲ್ಲಿ ಮಲಗಿದ್ದ ಹಳೆಯ ಸೋಂಕು ಮತ್ತೆ ತಲೆಯೆತ್ತುವುದನ್ನು ಕಂಡಿದ್ದಾರೆ. ಇಂಥದ್ದನ್ನು ಓದಿದಾಗಲೆಲ್ಲ ನನಗೆ ಶನಿವಾರದ ಬಸ್ಸು ಹಿಡಿಯಬೇಕು ಎನ್ನಿಸುತ್ತದೆ. ಓಡಿಹೋಗಿ ಅವರೆದುರು ಕುಳಿತು ಹೇಳಬೇಕು. ಅವರು ಕನ್ನಡಕ ಸರಿಮಾಡಿಕೊಂಡು, "ನಿಧಾನ ಹೇಳೇ" ಎನ್ನಬೇಕು. ಹೇಳಲು ಇಷ್ಟೊಂದು ಸೇರಿಕೊಂಡಿದೆ. ಅಂಕೋಲೆಯಲ್ಲಿ ಆ ಎರಡು ಕೋಣೆಗಳ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಹುಬ್ಬಳ್ಳಿಯಿಂದ ಬಂದ ಮೇಲಿನ ಭಾನುವಾರ ಚಿತ್ತಾಕುಲಕ್ಕೆ ಹೋದೆ. ದಾದಾನಿಗೆ ವಯಸ್ಸಾಗಿದೆ, ತಲೆ ಪೂರ್ತಿ ಬಿಳಿ. ಒಂದೇ ಮೂತ್ರಪಿಂಡದಲ್ಲಿ ಆರೋಗ್ಯವಾಗಿದ್ದಾನೆ. ಈಗಲೂ ಗದ್ದೆಗೆ ಇಳಿಯುತ್ತಾನೆ. ಅವನ ಹೆಂಡತಿ ಚಹಾ ತಂದುಕೊಟ್ಟು ಒಳಗೆ ಹೋದಳು. ನಾನು ಓದಿದ ಹೊಸ ವಿಷಯಗಳನ್ನೆಲ್ಲ, ಅಕ್ಕೋರಿಗೆ ಹೇಳಬೇಕೆಂದಿದ್ದ ಹಾಗೆಯೇ, ಅವನಿಗೆ ಹೇಳಿದೆ. ಎಷ್ಟು ತಲೆಗೆ ಹೋಯಿತೋ, ಎಲ್ಲವನ್ನೂ ಕೇಳಿದ.

"ನಾ ಎಷ್ಟೋ ವರ್ಷ ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದೆ" ಎಂದ. "ಬೇರೆಯವ ಅಂದ್ಬಿಟ್ಟಿತಲ್ಲ ಅಂತ. ಈಗ ಇಲ್ಲ. ನಾ ಯಾರು ಅಂತ ಅವಳಿಗೆ ಗೊತ್ತಿತ್ತು. ಅವಳ ರಕ್ತಕ್ಕೆ ಗೊತ್ತಾಗ್ಲಿಲ್ಲ, ಅಷ್ಟೇ."

ನಾನು ತಣ್ಣಗಾದ ಚಹಾ ಕುಡಿದೆ. ಅವನು ಎದ್ದು, ಬಸ್ಸಿಗೆ ಹೊತ್ತಾಯಿತೆಂದು, ರಸ್ತೆಯ ತನಕ ನನ್ನ ಜೊತೆ ನಡೆದು ಬಂದ.